ತಪ್ಪು ಜಾಗವನ್ನು ಎರಡು ಸಲ ಸರಿಯಾಗಿ ಹಿಡಿದದ್ದು: ಮೀನಖಂಡದ ಇಎಂಜಿ, ಒಂದು ಪ್ರಕರಣ

ರೋಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಇಎಂಜಿ ಎಂದರೆ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಸ್ನಾಯು ಕೆಲಸ ಮಾಡುವಾಗಿನ ವಿದ್ಯುತ್ ಸಂಕೇತವನ್ನು ಅಳೆಯುವುದು. ವಯಸ್ಸು, ಕೆಲಸ, ಊರು ಬದಲಿಸಿದ್ದೇನೆ. ಕಾಲಿನ ಅಳತೆಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ನಡೆದದ್ದೆಲ್ಲ ಅಳತೆಯಲ್ಲೇ ಇದೆ. ಅವರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಇಂಟರ್ನ್ ಹುಡುಗಿಯದು ಚಿಕ್ಕದು, ಅದನ್ನು ಕಂಡುಹಿಡಿದವಳೂ ಅವಳೇ.

ಹಿನ್ನೆಲೆ

ರಾಯರಿಗೆ ನಲವತ್ತು ದಾಟಿದೆ. ಬೆಳಿಗ್ಗೆ ಐದಕ್ಕೆ ಎದ್ದು ಕಡಲ ಬದಿಯ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡುವ ಹುಚ್ಚು. ಏಳು ತಿಂಗಳಿಂದ ಬಲಗಾಲಿನ ಅಕಿಲಿಸ್ ಟೆಂಡನ್‌ನಲ್ಲಿ (ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಹಗ್ಗದಂಥ ಪಟ್ಟಿ), ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ, ನೋವು. ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಕುಂಟು, ಆಮೇಲೆ ಸಡಿಲ, ಓಡಿದ ಮರುದಿನ ಮತ್ತೆ ಕುಂಟು. ಸ್ಕ್ಯಾನ್‌ನಲ್ಲಿ ಟೆಂಡನ್ ದಪ್ಪಗಾಗಿತ್ತು, ಹರಿದಿರಲಿಲ್ಲ. ಮೂಳೆ ವೈದ್ಯರು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಚೀಟಿಯಲ್ಲಿ ಒಂದು ಸಾಲು: ಮೀನಖಂಡದ ಯಾವ ಸ್ನಾಯು ಕೈಕೊಡುತ್ತಿದೆ ನೋಡಿ.

ಪ್ರಶ್ನೆ ಸಣ್ಣದಲ್ಲ. ಮೀನಖಂಡವನ್ನು ಹೊರಗಿಂದ ನೋಡಿದರೆ ಒಂದೇ ಗಡ್ಡೆ, ಒಳಗೆ ಎರಡು ಪದರ. ಮೇಲಿನದು ಗ್ಯಾಸ್ಟ್ರೋಕ್ನೀಮಿಯಸ್. ಅದಕ್ಕೆ ಒಳಗಿನದು, ಹೊರಗಿನದು ಎಂದು ಎರಡು ತಲೆ. ಎರಡೂ ತೊಡೆಮೂಳೆಯಿಂದ ಹೊರಟು ಮಂಡಿಯನ್ನು ದಾಟಿ ಕೆಳಗಿಳಿಯುತ್ತವೆ. ಅದರ ಅಡಿಯಲ್ಲಿ ಸೋಲಿಯಸ್. ಇದು ಮಂಡಿಯ ಕೆಳಗಿನ ಎರಡು ಮೂಳೆಗಳಿಂದಲೇ ಹೊರಡುತ್ತದೆ, ಮಂಡಿಯ ಸುದ್ದಿಗೆ ಹೋಗುವುದಿಲ್ಲ. ಎರಡೂ ಕೊನೆಗೆ ಸೇರುವುದು ಅಕಿಲಿಸ್ ಟೆಂಡನ್‌ಗೆ. ಹೆಸರುಗಳೂ ತಮಾಷೆಯಾಗಿವೆ. ಗ್ರೀಕರು ಮೇಲಿನದನ್ನು ಕಾಲಿನ ಹೊಟ್ಟೆ ಎಂದರು. ನಾವು ಇಡೀ ಭಾಗವನ್ನೇ ಮೀನಖಂಡ ಎಂದೆವು. ಲ್ಯಾಟಿನ್ನಿನ ಸೋಲಿಯಾ ಅಂದರೆ ಚಪ್ಪಲಿ; ಚಪ್ಪಟೆ ಮೀನೊಂದಕ್ಕೂ ಅದೇ ಹೆಸರು, ನಮ್ಮ ಕರಾವಳಿಯಲ್ಲಿ ನಂಗು ಅನ್ನುವುದು ಆ ಬಗೆಯದ್ದನ್ನೇ. ಅಂತೂ ದುಂಡು ಮೀನಿನ ಅಡಿಯಲ್ಲಿ ಒಂದು ನಂಗು ಮಲಗಿದೆ ಅಂದುಕೊಳ್ಳಿ. ನಂಗಿನ ಹೆಚ್ಚಿನ ಭಾಗ ಮರೆಯಲ್ಲಿ. ಚರ್ಮದ ಕೆಳಗೆ ನೇರವಾಗಿ ಸಿಗುವುದು ದುಂಡು ಮೀನಿನ ಅಂಚು ಮುಗಿದ ಮೇಲೆ ಉಳಿಯುವ ಒಂದು ಕಿರಿದಾದ ಪಟ್ಟಿ. ಸೋಲಿಯಸ್‌ನ ಇಎಂಜಿ ಹಿಡಿಯುವುದೆಂದರೆ ಆ ಪಟ್ಟಿಯೊಳಗೆ ಎರಡೂ ಎಲೆಕ್ಟ್ರೋಡ್ ಕೂರಿಸುವುದು.

ಮಂಡಿ ಬಗ್ಗಿಸಿದಾಗ ಗ್ಯಾಸ್ಟ್ರೋಕ್ನೀಮಿಯಸ್ ಸಡಿಲವಾಗಿ, ಹಿಮ್ಮಡಿ ಎತ್ತುವ ಕೆಲಸದಿಂದ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಸೋಲಿಯಸ್‌ಗೆ ಮಂಡಿ ನೆಟ್ಟಗಿದ್ದರೂ ಒಂದೇ, ಬಗ್ಗಿದ್ದರೂ ಒಂದೇ. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ಹಾಗಿದ್ದೂ ಆರು ವಾರ ನಮ್ಮ ಕಣ್ಣೆದುರಿಗಿದ್ದ ಹಾಳೆಯಲ್ಲಿ ಇದನ್ನು ನಾವು ಓದಲಿಲ್ಲ.

ಮೊದಲ ಪರೀಕ್ಷೆ

ರಾಯರನ್ನು ಬೋರಲು ಮಲಗಿಸಿದೆವು, ಪಾದಗಳು ಮೇಜಿನ ಅಂಚಿನಿಂದ ಹೊರಗೆ ಜೋತುಬಿದ್ದಿದ್ದವು. ರೋಮ ಬೋಳಿಸಿ, ಸ್ಪಿರಿಟ್ ಹತ್ತಿಯಿಂದ ಚರ್ಮ ಕೆಂಪಗಾಗುವಷ್ಟು ಉಜ್ಜಿದ್ದಾಯಿತು. ನಾಲ್ಕು ಚಾನೆಲ್: ಎರಡೂ ಕಾಲಿನ ಗ್ಯಾಸ್ಟ್ರೋಕ್ನೀಮಿಯಸ್‌ನ ಒಳತಲೆ, ಎರಡೂ ಕಾಲಿನ ಸೋಲಿಯಸ್. ಹೊತ್ತಾಗುತ್ತಿತ್ತು. ಎಡಗಾಲು ನಾನು ತೆಗೆದುಕೊಂಡೆ, ಬಲಗಾಲು ಇಂಟರ್ನ್‌ಗೆ ಬಿಟ್ಟೆ.

ಜಾಗಕ್ಕೆ ನಾವು ಅನುಸರಿಸುವುದು ಸೆನಿಯಾಮ್ ಶಿಫಾರಸುಗಳನ್ನು. 1996ರಿಂದ 1999ರವರೆಗೆ ಯುರೋಪಿನ ಪ್ರಯೋಗಾಲಯಗಳು ಕೂತು, ಯಾವ ಸ್ನಾಯುವಿಗೆ ಎಲ್ಲಿ ಎಲೆಕ್ಟ್ರೋಡ್ ಅಂಟಿಸಬೇಕು ಎಂದು ಒಮ್ಮತಕ್ಕೆ ಬಂದ ಯೋಜನೆ ಅದು. ಒಳತಲೆಗೆ ಉಬ್ಬು ಎಲ್ಲಿ ಹೆಚ್ಚೋ ಅಲ್ಲಿ. ಸೋಲಿಯಸ್‌ಗೆ, ತೊಡೆಮೂಳೆಯ ಕೆಳತುದಿಯ ಒಳಗಂಟಿನಿಂದ ಪಾದದ ಗಂಟಿನ ಒಳಬದಿಗೆ ಉಬ್ಬಿರುವ ಮೂಳೆಯವರೆಗೆ ಗೆರೆ ಎಳೆದು, ಮೇಲಿನಿಂದ ಮೂರರಲ್ಲಿ ಎರಡು ಪಾಲು ಇಳಿದಲ್ಲಿ. ಎಲೆಕ್ಟ್ರೋಡ್‌ನ ಅಳತೆ ನಾರಿನ ದಿಕ್ಕಿನಲ್ಲಿ 10 ಮಿ.ಮೀ. ಮೀರಬಾರದು, ಎರಡರ ನಡುಮಧ್ಯಗಳ ಅಂತರ 20 ಮಿ.ಮೀ. ಹೋಲಿಕೆಗೆಂದು ಇಡುವ ರೆಫರೆನ್ಸ್ ಎಲೆಕ್ಟ್ರೋಡ್ ಪಾದದ ಗಂಟಿನ ಬಳಿ.

ನಮ್ಮಲ್ಲಿ ಇದ್ದದ್ದು ಇಸಿಜಿಗೆ ಬಳಸುವ, ಬಳಸಿ ಬಿಸಾಡುವ ಅಂಟು ಎಲೆಕ್ಟ್ರೋಡ್. ನಡುವಿನ ಜೆಲ್ ಬೊಟ್ಟು 10 ಮಿ.ಮೀ. ಇರಬಹುದು, ಸುತ್ತಲಿನ ಫೋಮ್ ಮಾತ್ರ ಅಂಗೈಯ ಹಳ್ಳ ತುಂಬುವಷ್ಟು. ಎರಡನ್ನು ಒತ್ತಿ ಪಕ್ಕಪಕ್ಕ ಅಂಟಿಸಿದರೂ ಬೊಟ್ಟುಗಳ ನಡುವೆ ನಾಲ್ಕೂವರೆ ಸೆಂಟಿಮೀಟರ್. ಫೋಮ್‌ನ ಅಂಚನ್ನು ಕತ್ತರಿಯಿಂದ ಸವರಿ ಹತ್ತಿರ ತರಬೇಕು. ನಾನು ಸವರಿದೆ. ಪ್ಯಾಕೆಟ್ಟನ್ನು ಮೇಜಿನ ಆ ಬದಿಗೆ ದಾಟಿಸಿದೆ. ಕತ್ತರಿಯನ್ನು ದಾಟಿಸಲಿಲ್ಲ, ಹೇಳಲೂ ಇಲ್ಲ.

ಆಮೇಲೆ ಎರಡು ಕೆಲಸ ಮಾಡಿಸಿದೆವು. ಮೊದಲು ಮಂಡಿ ನೆಟ್ಟಗೆ, ಪಾದ ಹಲಗೆಗೆ ಲಂಬವಾಗಿ ಕಟ್ಟಿ, ಇದ್ದಷ್ಟೂ ಬಲದಿಂದ ಹಲಗೆಯನ್ನು ತುಳಿಯುವುದು. ಆಮೇಲೆ ಕುರ್ಚಿಯಲ್ಲಿ ಕೂತು, ಮಂಡಿ ಬಗ್ಗಿಸಿ, ತೊಡೆಯ ಮೇಲೆ ಬೆಲ್ಟ್ ಬಿಗಿದು, ಇದ್ದಷ್ಟೂ ಬಲದಿಂದ ಹಿಮ್ಮಡಿ ಎತ್ತುವುದು. ನೆಟ್ಟಗಿನ ಮಂಡಿಯ ಸದ್ದನ್ನು, ಅಂದರೆ ಇಎಂಜಿ ಸಂಕೇತದ ಗಾತ್ರವನ್ನು, 1 ಎಂದು ಹಿಡಿದರೆ ಬಗ್ಗಿದ ಮಂಡಿಯದ್ದು ಹೀಗೆ ಬಂತು: ಒಳತಲೆ ಎಡಕ್ಕೆ 0.38, ಬಲಕ್ಕೆ 0.36. ಸೋಲಿಯಸ್ ಎಡಕ್ಕೆ 0.94. ಬಲ ಸೋಲಿಯಸ್ 0.47.

ನಾನು ವರದಿಯಲ್ಲಿ ಬರೆದೆ: ಬಲ ಸೋಲಿಯಸ್ ತಡೆಹಿಡಿಯಲ್ಪಟ್ಟಿದೆ. ನೋವಿರುವ ಕಡೆ ನರಮಂಡಲ ಸ್ನಾಯುವನ್ನು ಹಿಂದಕ್ಕೆಳೆಯುತ್ತದೆ ಎನ್ನುವ ವಿವರಣೆ ನಾಲಿಗೆ ತುದಿಯಲ್ಲೇ ಇತ್ತು. ಅಂಕಿಗೆ ಹೊಂದುವ ಕಥೆ ಮೊದಲೇ ಸಿದ್ಧವಿದ್ದರೆ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ. ರಾಯರಿಗೆ ಸರಳವಾಗಿ ಹೇಳಿದೆ, “ನಿಮ್ಮ ಒಳಗಿನ ಸ್ನಾಯು ಸ್ವಲ್ಪ ಮಲಗಿದೆ, ಎಬ್ಬಿಸಬೇಕು.” ಈ ಮಾತು ಅವರ ಮನೆ, ಆಫೀಸು, ಓಟದ ಗುಂಪು ಎಲ್ಲ ಕಡೆ ಸುತ್ತಿತು. ಓಟ ಪೂರ್ತಿ ನಿಲ್ಲಿಸಿದರು. ನಾನು ಕಡಿಮೆ ಮಾಡಿ ಎಂದದ್ದು, ನಿಲ್ಲಿಸಿ ಎಂದದ್ದಲ್ಲ. ಆದರೆ ಮಲಗಿದ ಸ್ನಾಯುವಿನ ಮೇಲೆ ಯಾರು ಓಡುತ್ತಾರೆ?

ಆರು ವಾರ

ಕೂತು ಹಿಮ್ಮಡಿ ಎತ್ತುವ ವ್ಯಾಯಾಮವನ್ನೇ ಹೆಚ್ಚು ಕೊಟ್ಟೆವು, ತೊಡೆಯ ಮೇಲೆ ತೂಕ ಇಟ್ಟು. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ವ್ಯಾಯಾಮವೇ. ತಪ್ಪಾದದ್ದು ಬಿಟ್ಟದ್ದರಲ್ಲಿ. ನಿಂತು ಮಾಡುವುದನ್ನು ಸುಮಾರಾಗಿ ಕೈಬಿಟ್ಟೆವು. ಬಲಗಾಲಿನಲ್ಲಿ 20 ಕಿಲೋದಿಂದ ಶುರುಮಾಡಿದವರು ಆರನೇ ವಾರದ ಹೊತ್ತಿಗೆ 40 ಕಿಲೋ ಇಟ್ಟು ಹನ್ನೆರಡು ಸಲ ಎತ್ತುತ್ತಿದ್ದರು. ಎಡಗಾಲೂ ಅಷ್ಟೇ. ನೋವು ಮಾತ್ರ ಇದ್ದಲ್ಲೇ ಇತ್ತು.

ಮರುಪರೀಕ್ಷೆ ಮಾಡಿದೆವು. ಇಲ್ಲಿ ನಮಗೊಂದು ಹೆಮ್ಮೆಯ ಪದ್ಧತಿ ಇದೆ. ಮೊದಲ ದಿನವೇ ಕಾಲಿನ ಮೇಲೆ ಪಾರದರ್ಶಕ ಒಎಚ್‌ಪಿ ಹಾಳೆ ಹೊದಿಸಿ, ಎಲೆಕ್ಟ್ರೋಡ್‌ಗಳ ಬೊಟ್ಟು, ಮಚ್ಚೆ, ಹಳೇ ಗಾಯದ ಗುರುತು, ಮೂಳೆಗಳ ತುದಿ ಎಲ್ಲವನ್ನೂ ಮಾರ್ಕರ್‌ನಿಂದ ಬರೆದಿಡುತ್ತೇವೆ. ಮುಂದಿನ ಸಲ ಮಚ್ಚೆಗೆ ಮಚ್ಚೆ ಕೂಡಿಸಿ ಹಾಳೆ ಹೊದಿಸಿದರೆ ಅದೇ ಜಾಗ ಸಿಗುತ್ತದೆ. ಸಿಕ್ಕಿತು. ಬಲ ಸೋಲಿಯಸ್ 0.49.

40 ಕಿಲೋ ಎತ್ತುತ್ತಿರುವ ಕಾಲು, ಕೂತಲ್ಲಿ ಎತ್ತುವ ಮುಖ್ಯ ಸ್ನಾಯು ಅರ್ಧ ಮಾತ್ರ ಕೆಲಸ ಮಾಡುತ್ತಿದೆ ಎನ್ನುವ ಯಂತ್ರ. ಎರಡರಲ್ಲಿ ಒಂದು ಸುಳ್ಳು.

ಎಲ್ಲರೂ ಹುಡುಕುವ ಕಡೆಯೇ ನಾವೂ ಹುಡುಕಿದೆವು. ಕರಾವಳಿಯ ಸೆಕೆ, ಬೆವರಿಗೆ ಅಂಟು ಸಡಿಲವಾಗಿರಬಹುದು ಎಂದು ಮತ್ತೆ ಉಜ್ಜಿ ಹೊಸದು ಅಂಟಿಸಿದೆವು, ಅದೇ ಬೊಟ್ಟುಗಳ ಮೇಲೆ. ಎಸಿ ಆರಿಸಿ ಕರೆಂಟಿನ 50 ಹರ್ಟ್ಸ್‌ನ ಗುಂಯ್ ಇದೆಯೇ ನೋಡಿದೆವು, ಗೆರೆ ಶುಭ್ರವಾಗಿತ್ತು. ಎಡ ಬಲದ ಕೇಬಲ್ ಅದಲು ಬದಲು ಮಾಡಿದೆವು. ಇದು ಒಳ್ಳೆಯ ಪರೀಕ್ಷೆ: ದೋಷ ಕೇಬಲ್ಲಿನದ್ದಾದರೆ ಕೇಬಲ್ ಜತೆ ಎಡಗಾಲಿಗೆ ಹೋಗಬೇಕು. ಹೋಗಲಿಲ್ಲ, ಬಲಗಾಲಲ್ಲೇ ಉಳಿಯಿತು. ಯಂತ್ರ ಸರಿ, ಹಾಗಾದರೆ ಕಾಲಿನದ್ದೇ ದೋಷ ಎಂದು ನನ್ನ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು. ಯಂತ್ರಕ್ಕೂ ಕಾಲಿಗೂ ನಡುವೆ ಮೂರನೆಯದೊಂದು ಇದೆ, ಅಂಟಿಸಿದ ಕೈ, ಅನ್ನುವುದು ಹೊಳೆಯಲಿಲ್ಲ.

ಎರಡು ಹಾಳೆ

ಆ ಸಂಜೆ ಫೈಲಿಗೆ ಹಾಕುವ ಮೊದಲು ಇಂಟರ್ನ್ ಎರಡೂ ಹಾಳೆಗಳನ್ನು ಕಿಟಕಿಯ ಗಾಜಿಗೆ ಹಿಡಿದು ನಿಂತಿದ್ದಳು. ಬಲಗಾಲಿನ ಹಾಳೆಯನ್ನು ಮಗುಚಿ ಎಡಗಾಲಿನದರ ಮೇಲೆ ಇಟ್ಟಿದ್ದಳು. ಕನ್ನಡಿಯ ಬಿಂಬದ ಹಾಗೆ ಎರಡೂ ಹೆಚ್ಚುಕಡಿಮೆ ಕೂಡಬೇಕು. ಒಳತಲೆಯ ಬೊಟ್ಟುಗಳ ನಡುಬಿಂದು ಕೂಡಿತ್ತು. ಸೋಲಿಯಸ್‌ನದು ಕೂಡಿರಲಿಲ್ಲ.

“ಸರ್, ನಿಮ್ಮ ಬೊಟ್ಟುಗಳು ಹತ್ತಿರ ಇವೆ. ನನ್ನವು ದೂರ.”

ಸ್ಕೇಲ್ ಇಟ್ಟು ನೋಡಿದೆ. ನನ್ನವು 2 ಸೆಂ.ಮೀ., ಅವಳವು 4.5. ನಾನಿನ್ನೂ ಅದನ್ನು ಅರಗಿಸಿಕೊಳ್ಳುವ ಮೊದಲೇ ಅವಳು ಎರಡನೆಯದನ್ನು ಕೇಳಿದಳು, “ಸರ್, ಮಂಡಿ ಬಗ್ಗಿಸಿದಾಗ ಕಡಿಮೆ ಆಗಬೇಕಾದ್ದು ಗ್ಯಾಸ್ಟ್ರಾಕ್ ಅಲ್ವಾ? ಈ ಸೋಲಿಯಸ್ ಯಾಕೆ ಗ್ಯಾಸ್ಟ್ರಾಕ್ ಥರ ಆಡ್ತಿದೆ?”

0.36, 0.47. ಒಂದರ ಕೆಳಗೊಂದು, ಒಂದೇ ಕಾಲಂನಲ್ಲಿ, ಆರು ವಾರದಿಂದ. ಬಲ ಸೋಲಿಯಸ್ ಎಡ ಸೋಲಿಯಸ್‌ನ ಹಾಗಿಲ್ಲ ಎಂದಷ್ಟೇ ನಾನು ನೋಡಿದ್ದೆ. ಅದು ಪಕ್ಕದ ಸ್ನಾಯುವಿನ ಹಾಗೇ ಇದೆ ಎಂದು ನೋಡಿರಲಿಲ್ಲ.

ಮೂರು ಸಣ್ಣ ತಪ್ಪು

ಮುಂದಿನ ವಾರ ರಾಯರನ್ನು ಕರೆಸಿ, ಸ್ಕ್ಯಾನಿಂಗ್ ವಿಭಾಗದಿಂದ ಒಂದು ಗಂಟೆಗೆ ಅಲ್ಟ್ರಾಸೌಂಡ್ ಯಂತ್ರ ಕೇಳಿ ತಂದೆವು. ಅವತ್ತು ಕಂಡದ್ದನ್ನು ನಿಧಾನವಾಗಿ ಹೇಳಬೇಕು.

ಮೊದಲನೆಯದು ಗೆರೆಯ ಮೇಲ್ತುದಿ. ಒಳಗಂಟಿನಿಂದ ಪಾದದ ಮೂಳೆಯವರೆಗೆ ರಾಯರ ಬಲಗಾಲು 39 ಸೆಂ.ಮೀ. ಮೂರರಲ್ಲಿ ಎರಡು ಪಾಲೆಂದರೆ 26. ಇಂಟರ್ನ್ ಬೆರಳು ಹಾಕಿದ್ದು ಗಂಟಿನ ಮೇಲಲ್ಲ, ಅದಕ್ಕಿಂತ 3 ಸೆಂ.ಮೀ. ಮೇಲೆ ಬೆರಳಿಗೆ ಚುಚ್ಚಿದಂತೆ ಸಿಗುವ ಇನ್ನೊಂದು ಮೂಳೆಯ ಮೊನೆಯ ಮೇಲೆ. ಅವಳ ಗೆರೆ 42 ಸೆಂ.ಮೀ., ಮೂರರಲ್ಲಿ ಎರಡು 28; ಗಂಟಿನಿಂದ ಲೆಕ್ಕ ಹಾಕಿದರೆ 25. ಮೇಲ್ತುದಿಯಲ್ಲಿ ಮೂರು ಸೆಂಟಿಮೀಟರ್ ತಪ್ಪಿದರೆ ಗುರುತು ಒಂದು ಸೆಂಟಿಮೀಟರ್ ಮೇಲೇರುತ್ತದೆ. ಒಂದೇ ಸೆಂಟಿಮೀಟರ್, ಇಷ್ಟೇ ಆಗಿದ್ದರೆ ನಡೆಯುತ್ತಿತ್ತು.

ಎರಡನೆಯದು ಕತ್ತರಿ. 25ನ್ನು ನಡುವೆ ಇಟ್ಟು ನಾಲ್ಕೂವರೆ ಸೆಂಟಿಮೀಟರ್ ಅಂತರದಲ್ಲಿ ಅಂಟಿಸಿದ್ದರಿಂದ ಮೇಲಿನ ಬೊಟ್ಟು 22.75ರಲ್ಲಿ, ಕೆಳಗಿನದು 27.25ರಲ್ಲಿ. ಯಂತ್ರ ಕೇಳುವುದು ಎರಡು ಬೊಟ್ಟುಗಳ ನಡುವಿನ ವ್ಯತ್ಯಾಸವನ್ನು. ಅವು ದೂರವಾದಷ್ಟೂ ಬಲೆಯ ಅಗಲ, ಆಳ ಎರಡೂ ಹೆಚ್ಚುತ್ತವೆ. ಅಗಲದ ಬಲೆಗೆ ಬೇಡದ ಮೀನೂ ಬೀಳುತ್ತದೆ.

ಮೂರನೆಯದು ನನ್ನನ್ನು ನಿಜವಾಗಿ ಕೆಣಕಿದ್ದು, ಯಾಕೆಂದರೆ ಅದನ್ನು ಎಡಗಾಲಿನಲ್ಲಿ ನಾನೂ ಮಾಡಿದ್ದೆ. ನಾವು ಗುರುತು ಹಾಕಿದ್ದು ಬೋರಲು ಮಲಗಿ ಪಾದ ಜೋತುಬಿದ್ದಾಗ. ಆ ಭಂಗಿಯಲ್ಲಿ ಪ್ರೋಬ್ ಇಟ್ಟರೆ, ಬಲಗಾಲಿನಲ್ಲಿ ಒಳತಲೆಯ ಮಾಂಸ ಮುಗಿದು ಬಿಳಿ ಪಟ್ಟಿಯಾಗುವ ಅಂಚು ಗಂಟಿನಿಂದ 22 ಸೆಂ.ಮೀ.ನಲ್ಲಿ. ಪಾದವನ್ನು ಹಲಗೆಗೆ ಲಂಬವಾಗಿ ಕಟ್ಟಿದೆವು, ಪ್ರೋಬ್ ಅಲ್ಲೇ ಇತ್ತು. ಪರದೆಯ ಮೇಲೆ ಆ ಚೂಪು ತುದಿ, ಬಿಲದಿಂದ ಮೂತಿ ಹೊರಹಾಕಿದ ಹಾಗೆ, ಕೆಳಗೆ ಜಾರಿ ಬಂತು. ಮತ್ತೆ ಅಳೆದರೆ 23.5. ಪಾದ ಮಡಚಿದಾಗ ಟೆಂಡನ್ ಸ್ನಾಯುವನ್ನು ಕೆಳಗೆಳೆಯುತ್ತದೆ, ಚರ್ಮ ಅಷ್ಟು ಎಳೆಯಿಸಿಕೊಳ್ಳುವುದಿಲ್ಲ. ಚರ್ಮದ ಮೇಲಿನ ಬೊಟ್ಟು ಇದ್ದಲ್ಲೇ ಇದೆ, ಅಡಿಯಲ್ಲಿದ್ದ ಸ್ನಾಯು ಬೇರೆಯಾಗಿದೆ.

ಈಗ ಮೂರನ್ನೂ ಕೂಡಿಸಿ. ಮೇಲಿನ ಬೊಟ್ಟು 22.75ರಲ್ಲಿ. ಗುರುತು ಹಾಕುವಾಗ ಅದು ಒಳತಲೆಯ ಅಂಚಿನ ಹೊರಗಿತ್ತು, ಮುಟ್ಟಿ ನೋಡಿದರೂ ಸರಿಯೆನಿಸುತ್ತಿತ್ತು. ಪರೀಕ್ಷೆ ನಡೆಯುವಾಗ ಅಂಚಿನ ಒಳಗಿತ್ತು. ನಾವು ಸೋಲಿಯಸ್ ಎಂದು ಅಳೆದದ್ದರಲ್ಲಿ ಒಂದು ಬೊಟ್ಟು ಗ್ಯಾಸ್ಟ್ರೋಕ್ನೀಮಿಯಸ್‌ನ ಮೇಲೆ, ಇನ್ನೊಂದು ಸೋಲಿಯಸ್‌ನ ಮೇಲೆ. ಎಡಗಾಲು ಉಳಿದುಕೊಂಡದ್ದು ಜಾಣ್ಮೆಯಿಂದಲ್ಲ. ಅಲ್ಲಿ ಮಾಂಸದ ಅಂಚು ಹಲಗೆಗೆ ಕಟ್ಟಿದಾಗಲೂ 22.5ಕ್ಕೇ ನಿಂತಿತ್ತು, ನನ್ನ ಮೇಲಿನ ಬೊಟ್ಟು 25ರಲ್ಲಿತ್ತು.

ನೋಡಿದ್ದು ಸಾಲದು, ಕೇಳಿಯೂ ನೋಡೋಣ ಎಂದು ಬಲಗಾಲಿನಲ್ಲಿ 21 ಸೆಂ.ಮೀ.ನಿಂದ ಒಂದೊಂದೇ ಸೆಂಟಿಮೀಟರ್ ಇಳಿಸುತ್ತ, ಸವರಿದ ಎಲೆಕ್ಟ್ರೋಡ್ ಜೋಡಿಯನ್ನು ಅಂಟಿಸಿ, ಪ್ರತಿ ಜಾಗದಲ್ಲೂ ಮಂಡಿ ನೆಟ್ಟಗೆ ಒಮ್ಮೆ, ಬಗ್ಗಿಸಿ ಒಮ್ಮೆ ತುಳಿಸಿದೆವು. ಸುಸ್ತು ಅಂಕಿಯನ್ನು ಕೆಡಿಸಬಾರದೆಂದು ನಡುವೆ ಎರಡೆರಡು ನಿಮಿಷ ಬಿಡುವು. ಎರಡು ದಿನಕ್ಕೆ ಹಂಚಿದೆವು. 21ರಲ್ಲಿ 0.37, ಪೂರ್ತಿ ಗ್ಯಾಸ್ಟ್ರೋಕ್ನೀಮಿಯಸ್. 23ರಲ್ಲಿ 0.52. 24ರಲ್ಲಿ 0.70. 25ರಲ್ಲಿ 0.86. 26ರಲ್ಲಿ 0.92, ಅಲ್ಲಿಂದ ಕೆಳಗೆ ಹೆಚ್ಚು ಬದಲಿಲ್ಲ, ಸದ್ದು ಮಾತ್ರ ಸಣ್ಣದಾಗುತ್ತ ಹೋಯಿತು. ಅಂದರೆ ಈ ಕಾಲಿನಲ್ಲಿ ಒಂದು ಸ್ನಾಯು ಮುಗಿದು ಇನ್ನೊಂದು ಶುರುವಾಗುವ ಗಡಿ ಬರೀ ಎರಡು ಮೂರು ಬೆರಳಗಲ. ಪುಸ್ತಕದ 26 ಸರಿಯಾಗಿಯೇ ಇತ್ತು. ನಾವೇ ಅಲ್ಲಿಗೆ ಹೋಗಿರಲಿಲ್ಲ.

ಬಲ ಸೋಲಿಯಸ್ ಎಂದೂ ಮಲಗಿರಲಿಲ್ಲ.

ರಾಯರಿಗೆ ಹೇಳಿದ್ದು

ಇದನ್ನು ಹೇಳದೆ ದಾಟಿಸಬಹುದಿತ್ತು. ಆರು ವಾರದ ವ್ಯಾಯಾಮ ಫಲ ಕೊಟ್ಟಿದೆ, ಸ್ನಾಯು ಎದ್ದಿದೆ ಎಂದರೆ ಅವರು ಖುಷಿಯಿಂದ ಹೋಗುತ್ತಿದ್ದರು, 0.49 ಇದ್ದದ್ದು 0.92 ಆಗಿದೆ ಎಂದು ಹಾಳೆಯನ್ನೂ ತೋರಿಸಬಹುದಿತ್ತು. ವಿಭಾಗದಲ್ಲಿ ಒಬ್ಬರು ಅರ್ಧ ತಮಾಷೆಗೆ ಹಾಗೇ ಅಂದರು. ಆದರೆ ಆ ಮಾತನ್ನು ನಂಬಿದ ರಾಯರು ಕೂತು ಮಾಡುವುದನ್ನೇ ಮುಂದುವರಿಸುತ್ತಿದ್ದರು, ನೋವು ಹಾಗೇ ಇರುತ್ತಿತ್ತು. ಎರಡು ಹಾಳೆಯನ್ನೂ ಕಿಟಕಿಗೆ ಹಿಡಿದು ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. “ಹಾಗಾದ್ರೆ ಡಾಕ್ಟ್ರೇ, ಎರಡು ತಿಂಗಳು ಮಲಗಿದ್ದು ನನ್ನ ಕಾಲಲ್ಲ, ನಿಮ್ಮ ಮೆಷಿನ್ನು.”

“ಮೆಷಿನ್ ಎದ್ದೇ ಇತ್ತು ರಾಯರೇ. ಮಲಗಿದ್ದು ನಾನು.”

ನಕ್ಕರು, ಆದರೆ ಪೂರ್ತಿ ನಗಲಿಲ್ಲ. ತಪ್ಪಿಹೋದ ಒಂದು ಓಟದ ಹೆಸರು ಹೇಳಿ, ಅದಕ್ಕೆ ಕಟ್ಟಿದ್ದ ದುಡ್ಡು ವಾಪಸ್ ಬರುವುದಿಲ್ಲ ಎಂದರು. ಅದು ನ್ಯಾಯವಾದ ಮಾತು.

ಆಮೇಲೆ ಮಾಡಿದ್ದು ಮೊದಲ ದಿನವೇ ಮಾಡಬೇಕಾಗಿದ್ದ ಸಾದಾ ಪರೀಕ್ಷೆ. ಗೋಡೆಗೆ ಬೆರಳ ತುದಿ ತಾಗಿಸಿ, ಮಂಡಿ ನೆಟ್ಟಗೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಆಗದವರೆಗೂ. ಎಡ 26, ಬಲ 14. ಯಾವ ಎಲೆಕ್ಟ್ರೋಡೂ ಬೇಡ. ಇಡೀ ಮೀನಖಂಡಕ್ಕೇ, ಟೆಂಡನ್ನಿಗೇ ಹೊರೆ ಸಾಲದಾಗಿತ್ತು. ಒಂದು ಸ್ನಾಯುವಿನ ಹೆಸರು ಹಿಡಿದು ಬೈಯುವ ಅಗತ್ಯ ಇರಲಿಲ್ಲ. ಇಎಂಜಿ ಹೇಳುವುದು ಸ್ನಾಯುವಿಗೆ ಎಷ್ಟು ಕರೆ ಹೋಗುತ್ತಿದೆ ಎಂದು, ಅದು ಎಷ್ಟು ಭಾರ ಎಳೆಯುತ್ತದೆ ಎಂದಲ್ಲ. ಇದೂ ಮೊದಲ ವರ್ಷದ ಪಾಠವೇ. ನಿಂತು, ಕೂತು ಎರಡೂ ವ್ಯಾಯಾಮ, ನಿಧಾನಕ್ಕೆ, ತೂಕ ಏರಿಸುತ್ತ. ಮೂರನೇ ವಾರದಿಂದ ನಡಿಗೆಯ ನಡುವೆ ಒಂದೊಂದು ನಿಮಿಷ ಓಟ. ಹದಿನೈದನೇ ವಾರಕ್ಕೆ ಬಲಗಾಲು 23ಕ್ಕೆ ಬಂದಿತ್ತು, ಐದು ಕಿಲೋಮೀಟರ್ ಓಡುತ್ತಿದ್ದರು. ಬೆಳಗಿನ ಬಿಗಿತ ಪೂರ್ತಿ ಹೋಗಿರಲಿಲ್ಲ.

ಈಗ ನಮ್ಮಲ್ಲಿ

ಕತ್ತರಿ ಎಲೆಕ್ಟ್ರೋಡ್ ಡಬ್ಬಿಗೇ ದಾರದಲ್ಲಿ ಕಟ್ಟಿದೆ. ಒಬ್ಬ ರೋಗಿಯ ಎರಡೂ ಕಾಲನ್ನು ಒಬ್ಬರೇ ಮಾಡುತ್ತಾರೆ, ಇನ್ನೊಬ್ಬರು ಟೇಪು ಹಿಡಿದು ಮತ್ತೆ ಅಳೆಯುತ್ತಾರೆ. ಗುರುತು ಹಾಕುವುದು ಪರೀಕ್ಷೆ ನಡೆಯುವ ಭಂಗಿಯಲ್ಲೇ, ಪಾದವನ್ನು ಹಲಗೆಗೆ ಕಟ್ಟಿದ ಮೇಲೆ. ಹಿಮ್ಮಡಿ ಎತ್ತಿಸಿ, ಒಳತಲೆಯ ಅಂಚು ಬೆರಳಿಗೆ ಎಲ್ಲಿ ಸಿಗುತ್ತದೋ ಅಲ್ಲಿ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಮೇಲಿನ ಬೊಟ್ಟು ಆ ಗೆರೆಯಿಂದ ಒಂದು ಸೆಂಟಿಮೀಟರಾದರೂ ಕೆಳಗಿರುವಂತೆ ನೋಡುತ್ತೇವೆ. ಒಎಚ್‌ಪಿ ಹಾಳೆ ಈಗಲೂ ಇದೆ. ಆದರೆ ಅದರ ಮೇಲೆ ನಂಬಿಕೆ ಇಡುವುದು ಮೊದಲ ದಿನದ ಜಾಗ ಸರಿಯೆಂದು ಗೊತ್ತಾದ ಮೇಲೆ. ಹಳೇ ತಪ್ಪನ್ನು ಮಿಲಿಮೀಟರ್ ಲೆಕ್ಕದಲ್ಲಿ ಮತ್ತೆ ಹಿಡಿದುಕೊಡುವುದರಲ್ಲಿ ಆ ಹಾಳೆಯಷ್ಟು ನಿಷ್ಠಾವಂತ ಇನ್ನೊಂದಿಲ್ಲ.

ಅಂಟಿಸಿ ಆದ ಮೇಲೆ, ನಿಜವಾದ ಪರೀಕ್ಷೆಗೆ ಮೊದಲು, ಮಂಡಿ ನೆಟ್ಟಗೆ ಒಂದು ತುಳಿತ, ಬಗ್ಗಿಸಿ ಒಂದು ತುಳಿತ. ಒಳತಲೆಯ ಚಾನೆಲ್ ಇಳಿಯಬೇಕು, ಸೋಲಿಯಸ್‌ನದು ನಿಲ್ಲಬೇಕು. ಎರಡೂ ಒಟ್ಟಿಗೆ ಇಳಿದರೆ ಯಾರೂ ರೋಗದ ಹೆಸರು ಹೇಳುವುದಿಲ್ಲ, ಎಲೆಕ್ಟ್ರೋಡ್ ಕಿತ್ತು ಒಂದು ಬೆರಳಗಲ ಕೆಳಗೆ ಅಂಟಿಸುತ್ತೇವೆ. ಇದಕ್ಕೆ ಹಿಡಿಯುವುದು ನಾಲ್ಕು ನಿಮಿಷ. ಯಂತ್ರದ ಎದುರು ನಾಲ್ಕು ನಿಮಿಷ ಸುಮ್ಮನೆ ಕಳೆಯುವುದು ಹೊರರೋಗಿಗಳು ಸಾಲುಗಟ್ಟಿದಾಗ ಕಷ್ಟ, ಒಪ್ಪುತ್ತೇನೆ.

ಎಲ್ಲ ಕಾಲಿನಲ್ಲೂ ಇದು ಕೈಗೂಡುವುದಿಲ್ಲ. ಕೆಲವರಿಗೆ ಒಳತಲೆಯ ಮಾಂಸ ತೀರಾ ಕೆಳಗಿನವರೆಗೆ ಇಳಿದಿರುತ್ತದೆ, ಕೆಲವರಿಗೆ ಚರ್ಮದಡಿಯ ಕೊಬ್ಬಿನ ಪದರ ದಪ್ಪ. ಎಷ್ಟು ಜರುಗಿಸಿದರೂ ಎರಡು ಚಾನೆಲ್ ಬೇರೆಯಾಗಿ ಮಾತಾಡುವುದಿಲ್ಲ. ಅಂಥವರ ವರದಿಯಲ್ಲಿ ಸೋಲಿಯಸ್‌ನ ಕಾಲಂ ಖಾಲಿ ಬಿಟ್ಟು, ಮೇಲ್ಮೈ ಎಲೆಕ್ಟ್ರೋಡ್‌ನಿಂದ ಪ್ರತ್ಯೇಕಿಸಲಾಗಲಿಲ್ಲ ಎಂದು ಬರೆಯುತ್ತೇವೆ. ಕಳೆದ ತಿಂಗಳು ಎರಡು ಸಲ ಖಾಲಿ ಹೋಯಿತು. ಒಂದು ಸಲ ಚೀಟಿ ಕಳಿಸಿದ ವೈದ್ಯರು ಫೋನ್ ಮಾಡಿ, ಅಂದಾಜಿಗೆ ಒಂದು ಅಂಕಿ ಕೊಡಿ ಸಾಕು ಎಂದರು. ಇಂಟರ್ನ್‌ಶಿಪ್ ಮುಗಿಸಿ ಈಗ ನಮ್ಮಲ್ಲೇ ಕೆಲಸಕ್ಕೆ ಸೇರಿರುವ ಆ ಹುಡುಗಿ ಫೋನ್ ಎತ್ತಿದ್ದಳು. ಕೊಡಲಿಲ್ಲ.